ಏಳು ಸೆಂಟ್ಸ್ ಅಂಗಳಕ್ಕೆ ಯಾವ ಹೂವಿನ ಮರ?

ಪ್ರಶ್ನೆ: ನಮ್ಮದು ಏಳು ಸೆಂಟ್ಸ್ ಜಾಗ. ಹಿತ್ತಲಲ್ಲಿ ಬಾವಿ, ಸುತ್ತ ಕೆಂಪುಕಲ್ಲಿನ ಕಂಪೌಂಡ್. ಬೇಗ ಬೆಳೆಯುವ ಹೂವಿನ ಮರ ಬೇಕೆಂದು ನರ್ಸರಿಯಿಂದ ಗುಲ್‌ಮೊಹರ್ ಸಸಿ ತಂದಿದ್ದೇವೆ. ಮನೆಯಿಂದ ಎಷ್ಟು ದೂರ ನೆಡಬೇಕು?
– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಕಡಿಮೆಯೆಂದರೂ 30 ಅಡಿ. ನಿಮ್ಮಲ್ಲಿ ಅಷ್ಟು ಜಾಗ ಸಿಗಲಿಕ್ಕಿಲ್ಲ. ಹಾಗಾಗಿ ನೆಡಬೇಡಿ ಅಂತಲೇ ಹೇಳುತ್ತೇನೆ.

ಗುಲ್‌ಮೊಹರ್ ನನಗೂ ತುಂಬಾ ಇಷ್ಟ. ಐದು ಎಸಳಲ್ಲಿ ನಾಲ್ಕು ಕೆಂಪು, ಒಂದು ಮಾತ್ರ ಬಿಳಿ, ಅದರ ಮೇಲೆ ಕೆಂಪು ಗೀರು. ಮೊಗ್ಗು ಬಿಡಿಸಿ, ಕೇಸರದ ತಲೆಗೆ ತಲೆ ಸಿಕ್ಕಿಸಿ ಎಳೆಯುವ ಆಟ ನೀವೂ ಆಡಿರುತ್ತೀರಿ, ಅಲ್ವಾ? ಆದರೆ ಅದು ಮಡಗಾಸ್ಕರ್‌ನ ಒಣ ಕಾಡಿನ ಮರ. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಅದರ ಕೊಂಬೆ ಗಟ್ಟಿ ಇಲ್ಲ, ಬೇರು ಮೇಲ್ಮೇಲೆ ಹರಡುತ್ತದೆ. ಅಡಿಯಲ್ಲಿ ಮುರಕಲ್ಲು (ಕೆಂಪುಕಲ್ಲು) ಸಿಕ್ಕರಂತೂ ಆಳಕ್ಕೆ ಇಳಿಯುವುದೇ ಇಲ್ಲ. ಆಟಿ ತಿಂಗಳ (ಜುಲೈ–ಆಗಸ್ಟ್) ಗಾಳಿಮಳೆಗೆ ಕೊಂಬೆ ಮುರಿದು ಹಂಚಿನ ಮೇಲೆ ಬಿದ್ದರೆ ಯಾರಿಗೆ ಬೇಕು? ಬೇರು ಕಂಪೌಂಡನ್ನೂ ಬಿಡುವುದಿಲ್ಲ. ತಂದ ಸಸಿಯನ್ನು ದೊಡ್ಡ ಜಾಗ ಇರುವ ನೆಂಟರಿಗೋ, ಶಾಲೆಯ ಆಟದ ಮೈದಾನಕ್ಕೋ ಕೊಡಿ.

ನಿಮ್ಮ ಅಂಗಳಕ್ಕೆ ಹೊಳೆದಾಸವಾಳ ತನ್ನಿ. ಘಟ್ಟದ ಹೊಳೆಬದಿಯಲ್ಲಿ ತಾನಾಗಿ ಬೆಳೆಯುವ ಮರ, ನಮ್ಮ ಮಳೆ ಅದಕ್ಕೆ ಹೊಸತಲ್ಲ. ಕೊಂಬೆ ತುದಿಯಲ್ಲಿ ನೇರಳೆ ಹೂವಿನ ಗೊಂಚಲು. ಒಂದೊಂದು ಎಸಳೂ ಇಸ್ತ್ರಿ ಮಾಡದ ರೇಷ್ಮೆ ಬಟ್ಟೆಯ ಹಾಗೆ ಮುದುಡಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಕೆಲವೇ ವರ್ಷದಲ್ಲಿ, ಮರ ಇನ್ನೂ ಸಣ್ಣದಿರುವಾಗಲೇ ಹೂ ಬಿಡುತ್ತದೆ. ಬೇಸಗೆಗೆ ಮುಂಚೆ ಎಲೆ ಉದುರಿಸುತ್ತದೆ, ಅಂಗಳ ಗುಡಿಸುವ ಕೆಲಸ ಸ್ವಲ್ಪ ಜಾಸ್ತಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ. ಬಾವಿಯಿಂದ, ಗೋಡೆಯಿಂದ 12 ಅಡಿಯಾದರೂ ದೂರ ಇರಲಿ. ಮೇಲೆ ವಿದ್ಯುತ್ ತಂತಿ ಇದೆಯಾ ಎಂದೂ ನೋಡಿಕೊಳ್ಳಿ. ಹೊಂಡ ಎರಡು ಅಡಿ ಅಗಲ, ಎರಡು ಅಡಿ ಆಳ. ಮುರಕಲ್ಲು ಸಿಕ್ಕರೆ ಪಿಕ್ಕಾಸಿನಿಂದ ಒಡೆಸಲೇಬೇಕು, ಇದರಲ್ಲಿ ಉದಾಸೀನ ಮಾಡಬೇಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಹೊಂಡದೊಳಗೇ ನೀರು ನಿಂತು ಬೇರು ಕೊಳೆಯುತ್ತದೆ. ಮೇಲ್ಮಣ್ಣಿಗೆ ಹಟ್ಟಿಗೊಬ್ಬರ, ಸುಡುಮಣ್ಣು ಬೆರೆಸಿ ತುಂಬಿ. ಬುಡದ ಮಣ್ಣು ಸುತ್ತಲಿಗಿಂತ ತುಸು ಎತ್ತರ ಇರಲಿ. ಬೇಗ ಬೆಳೆಯಲಿ ಎಂದು ಸುಮ್ನೆ ಯೂರಿಯಾ ಸುರಿಯಬೇಡಿ, ಬರೀ ಎಲೆ ಬರುತ್ತದೆ.

ಮೊದಲ ಎರಡು ಬೇಸಗೆ ನೀರು ಕೊಡಿ, ಬುಡಕ್ಕೆ ತರಗೆಲೆ ಮುಚ್ಚಿ. ಹೂ ಮುಗಿದ ಮೇಲೆ ಕೊಂಬೆಯ ತುದಿ ಸವರಿದರೆ ಹೊಸ ಚಿಗುರು ಬರುತ್ತದೆ, ಮುಂದಿನ ಹೂ ಆ ಚಿಗುರಿನಲ್ಲೇ.