ಸಹಿ ಹಾಕದ ಒಪ್ಪಂದಕ್ಕೆ ನಾನೇಕೆ ಬದ್ಧ?

ಸಾಮಾಜಿಕ ಒಪ್ಪಂದದ ಬಗ್ಗೆ, ಅಂದರೆ ಜನರ ಒಪ್ಪಿಗೆಯಿಂದಲೇ ಸರ್ಕಾರಕ್ಕೆ ಅಧಿಕಾರ ಬರುತ್ತದೆ ಎಂಬ ವಾದದ ಬಗ್ಗೆ, ಬರೆಯುತ್ತಿರುವ ಪ್ರಬಂಧ ಮುಂದೆ ಹೋಗುತ್ತಿಲ್ಲ ಅಂದಿರಿ. ಆ ಒಪ್ಪಂದ ಎಂದೋ ನಿಜವಾಗಿ ನಡೆದದ್ದು ಎಂದು ಓದಿಕೊಂಡಿದ್ದೀರಿ ಅನಿಸುತ್ತೆ. "ನಾನು ಸಹಿ ಹಾಕಿಲ್ಲ, ಕಾನೂನಿಗೆ ಯಾಕೆ ತಲೆಬಾಗಲಿ" ಅನ್ನುವಲ್ಲಿ ನಿಮ್ಮ ಪ್ರಬಂಧ ನಿಂತಿರುವುದು ಬಹುಶಃ ಅದಕ್ಕೇ. ನಾನೂ ಅಲ್ಲೇ ಸಿಕ್ಕಿಕೊಂಡಿದ್ದೆ.

ಮೊದಲು "ಜನ ಯಾಕೆ ಪಾಲಿಸುತ್ತಾರೆ", "ಯಾಕೆ ಪಾಲಿಸಬೇಕು" ಎಂಬ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ. ಅಭ್ಯಾಸ, ಶಿಕ್ಷೆಯ ಭಯ ಮೊದಲನೆಯದಕ್ಕೆ ಸಾಕು. ಒಪ್ಪಂದದ ವಾದ ಬೇಕಾಗುವುದು ಎರಡನೆಯದಕ್ಕೆ.

ಆಮೇಲೆ ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್, 1651ರ ಅವನ ಪುಸ್ತಕ 'ಲೆವಿಯಾಥನ್'. ಅವನ ಉದಾಹರಣೆಯನ್ನೇ ಬಳಸಿ: ಕಾನೂನು ಇರುವಾಗಲೂ ಮಲಗುವ ಮುಂಚೆ ಬಾಗಿಲು ಹಾಕುತ್ತೇವೆ, ಮನೆಯೊಳಗಿನ ಪೆಟ್ಟಿಗೆಗೂ ಬೀಗ ಜಡಿಯುತ್ತೇವೆ. ಸರ್ಕಾರವೇ ಇಲ್ಲದಿದ್ದರೆ? ಆ ಭಯದಿಂದ ಪಾರಾಗಲು ಅಧಿಕಾರ ಒಪ್ಪಿಸುತ್ತೇವೆ ಎಂಬುದು ಅವನ ಉತ್ತರ.

ನಿಮ್ಮ ಪ್ರಶ್ನೆಗೆ ನೇರವಾಗಿ ಬರುವವನು ಇನ್ನೊಬ್ಬ ಇಂಗ್ಲಿಷ್ ತತ್ವಜ್ಞಾನಿ ಲಾಕ್. ಒಂದು ದೇಶದ ಹೆದ್ದಾರಿಯಲ್ಲಿ ಸುಮ್ನೆ ಓಡಾಡಿದರೂ ಅದು ಮೌನ ಸಮ್ಮತಿ ಅನ್ನುತ್ತಾನೆ. ಇಲ್ಲೇ ಜಾಸ್ತಿ ಬರೆಯಿರಿ. ಏಕೆಂದರೆ 1748ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ಇದಕ್ಕೆ ಗಟ್ಟಿ ಪೆಟ್ಟು ಕೊಟ್ಟ. ಅವನ ಉದಾಹರಣೆ ಇದು: ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು ಹಡಗಿಗೆ ಹಾಕಿದ್ದಾರೆ. ಹಾರಿದರೆ ಸಮುದ್ರದ ಪಾಲು. ಹಡಗಲ್ಲೇ ಉಳಿದ ಎಂದಮಾತ್ರಕ್ಕೆ ಯಜಮಾನನ ಅಧಿಕಾರವನ್ನು ಒಪ್ಪಿದ ಅನ್ನಬಹುದಾ? ದೇಶ ಬಿಟ್ಟು ಹೋಗಲು ಕೈಯಲ್ಲಿ ಕಾಸಿಲ್ಲದ ಬಡವನ ಸ್ಥಿತಿಯೂ ಅದೇ ಅಲ್ವಾ? ನನಗೆ ಹ್ಯೂಮ್ ಸರಿ ಅನಿಸುತ್ತದೆ, ಆದರೆ ಈ ವಾದ ಇನ್ನೂ ಮುಗಿದಿಲ್ಲ. ಹಾಗಾಗಿ ನಿಮ್ಮ ನಿಲುವಿಗೆ ಕಾರಣ ಕೊಡಿ.

ಇದೇ ಪ್ರಶ್ನೆಗೆ ಉತ್ತರ ಕೊಟ್ಟ ಮತ್ತೊಬ್ಬ ತತ್ವಜ್ಞಾನಿ ರೂಸೋಗೆ ಒಂದು ಪ್ಯಾರಾ ಸಾಕು: ನಾವೇ ಮಾಡಿಕೊಂಡ ಕಾನೂನಿಗೆ ಒಳಪಡುವುದು ಸ್ವಾತಂತ್ರ್ಯವೇ ಅನ್ನುತ್ತಾನೆ ಅವನು. ಹಡಗಿನ ಪ್ರಶ್ನೆಯನ್ನು ಮೊದಲ ಪ್ಯಾರಾಕ್ಕೆ ತಂದು ಅಲ್ಲಿಂದ ಬರೆಯಲು ಶುರು ಮಾಡಿ.