ಸೋಮವಾರ ಸಹಿ ಹಾಕಬೇಡಿ

ಪೀಣ್ಯದ ಕಾರ್ಖಾನೆಯೊಂದರಲ್ಲಿ 14 ವರ್ಷ ಸಿಎನ್‌ಸಿ ಮಷಿನ್ ನಡೆಸಿದ ಓದುಗರ ಪತ್ರ ಇದು. ತಂದೆ ತೀರಿಕೊಂಡಿದ್ದಾರೆ, ತಾಯಿ ಊರು ಬಿಟ್ಟು ಇವರ ಮನೆಗೆ ಬಂದಿದ್ದಾರೆ, ಈಗ ಇವರು ಕೆಲಸ ಮಾಡುವ ಲೈನೇ ಮುಚ್ಚುತ್ತಿದೆ. ‘ನಿದ್ದೆ ಹತ್ತುತ್ತಿಲ್ಲ. ಇಷ್ಟೆಲ್ಲ ಬದಲಾವಣೆ ತಡೆದುಕೊಳ್ಳೋದು ಹೇಗೆ?’ ಎಂದು ಮೂರು ಪುಟ ಬರೆದಿದ್ದಾರೆ. ಕೊನೆಗೆ ಒಂದೇ ಸಾಲು: ‘ಸೋಮವಾರ ರಾಜೀನಾಮೆ ಕೊಡಲು ಎಚ್‌ಆರ್‌ನವರು ಹೇಳಿದ್ದಾರೆ, ಟೈಪ್ ಮಾಡಿದ ಹಾಳೆ ಅವರೇ ಕೊಟ್ಟಿದ್ದಾರೆ.’

ಸ್ವಾಮಿ, ನಿಮ್ಮ ನಿದ್ದೆ ಕೆಡಿಸಬೇಕಾದದ್ದು ಆ ಹಾಳೆ. ‘ವೈಯಕ್ತಿಕ ಕಾರಣಗಳಿಂದ’ ಎಂದು ಅದರಲ್ಲಿ ಇದ್ದೇ ಇರುತ್ತದೆ. ಸಹಿ ಬಿದ್ದರೆ ಕೆಲಸ ಬಿಟ್ಟವರು ನೀವು, ತೆಗೆದವರು ಅವರಲ್ಲ. ಕಾರ್ಮಿಕನನ್ನು ತೆಗೆಯುವಾಗ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ ಕೊಡಬೇಕು. ರಾಜೀನಾಮೆ ಕೊಟ್ಟವರಿಗೆ ಇದು ಸಿಗುವುದಿಲ್ಲ. ನಿಮ್ಮ ಬೇಸಿಕ್ ಮತ್ತು ಡಿಎ ಸೇರಿ 26,000 ಎಂದಿದ್ದೀರಿ. ಅಷ್ಟನ್ನೇ ಹಿಡಿದರೂ ಪರಿಹಾರ ಒಂದೂ ಮುಕ್ಕಾಲು ಲಕ್ಷ ದಾಟುತ್ತದೆ. ಗ್ರಾಚ್ಯುಯಿಟಿ, ಅಂದರೆ ದೀರ್ಘ ಸೇವೆಗೆ ಕೊಡುವ ಹಣ, ಬೇರೆ: 26,000ವನ್ನು ತಿಂಗಳ 26 ಕೆಲಸದ ದಿನಗಳಿಂದ ಭಾಗಿಸಿ, 15 ದಿನದಿಂದ, ಮತ್ತೆ 14 ವರ್ಷದಿಂದ ಗುಣಿಸಿ. 2,10,000 ರೂಪಾಯಿ. ಅದು ರಾಜೀನಾಮೆ ಕೊಟ್ಟರೂ ಬರುತ್ತದೆ. ‘ಎಲ್ಲಾ ಸೆಟ್ಲ್ ಮಾಡ್ತೀವಿ’ ಅಂತ ಎಚ್‌ಆರ್‌ನವರು ಹೇಳುವುದು ಬಹುಶಃ ಇದನ್ನೇ ತೋರಿಸಿ.

ಇನ್ನು ನಿಮ್ಮ ಭಾವಮೈದುನ. ‘ಜಗಳ ಬೇಡ ಭಾವ, ಸಹಿ ಹಾಕಿ ಬನ್ನಿ, ಪಿಎಫ್ ತೆಗೆದು ಇಬ್ಬರೂ ಬೇಕರಿ ಇಡೋಣ’ ಅಂದರಂತೆ. ಎಚ್‌ಆರ್ ಅವರ ಕೆಲಸ ಅವರು ಮಾಡುತ್ತಿದ್ದಾರೆ ಎನ್ನಿ. ಸಾವಿನ ಮನೆಯಲ್ಲಿ ಕೂತು ಪಿಎಫ್ ಲೆಕ್ಕ ಹಾಕುವವರ ಮೇಲೆ ನನಗೆ ಕನಿಕರ ಇಲ್ಲ. ಬೇಕರಿ ಮಾತು ಒಂದು ವರ್ಷ ಮುಂದಕ್ಕೆ ಹೋಗಲಿ. ಮನೆಯಲ್ಲಿ ಸಾವಾದ ವರ್ಷ ದೊಡ್ಡ ದುಡ್ಡು ಕೈಯಿಂದ ಬಿಡಬಾರದು ಎಂದು ಇಲ್ಲಿ ಎಷ್ಟು ಸಲ ಬರೆದಿದ್ದೇನೋ!

ನೀವು ಮಾಡಬೇಕಾದದ್ದು ಒಂದೇ: ಸೋಮವಾರ ಆ ಹಾಳೆಗೆ ಸಹಿ ಹಾಕಬೇಡಿ. ‘ತೆಗೆಯುವುದಾದರೆ ನೀವೇ ಪತ್ರ ಕೊಡಿ ಸಾರ್’ ಅನ್ನಿ, ಅಷ್ಟೇ. ದನಿ ಎತ್ತಬೇಡಿ, ಗೇಟಿನ ಹಾಜರಿ ತಪ್ಪಿಸಬೇಡಿ. ಗೈರುಹಾಜರಿ ತೋರಿಸಿ ಕಳಿಸುವುದು ಅವರಿಗೆ ಇನ್ನೂ ಸುಲಭ. ಕಾನೂನಿಗಿಂತ ಹೆಚ್ಚು ಕೊಡುತ್ತೇವೆ ಅಂದರೆ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಲೆಟರ್‌ಹೆಡ್ ಮೇಲೆ ಬರೆಸಿಕೊಂಡು ಮನೆಗೆ ತನ್ನಿ, ಆಮೇಲೆ ಯೋಚಿಸಿ. ಒತ್ತಾಯ ಜಾಸ್ತಿಯಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ನೇಮಕಾತಿ ಪತ್ರ, ಮೂರು ತಿಂಗಳ ಪೇ ಸ್ಲಿಪ್, ಆ ಟೈಪ್ ಮಾಡಿದ ಹಾಳೆಯ ಫೋಟೊ ಜೊತೆಗಿರಲಿ. ಇದನ್ನು ಓದುವಷ್ಟರಲ್ಲಿ ಸಹಿ ಬಿದ್ದಿದ್ದರೆ, ರಾಜೀನಾಮೆ ಅಂಗೀಕಾರವಾಗುವ ಮುಂಚೆ ‘ವಾಪಸ್ ಪಡೆಯುತ್ತಿದ್ದೇನೆ’ ಎಂದು ಬರೆದು ಇವತ್ತೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ.