ಅಲುಗುವ ಬೆಳಕಿನ ಲೆಕ್ಕ

ಎಲೆಕ್ಟ್ರಾನಿಕ್ಸ್ ಓದಿದವರಿಗೆ ವೈದ್ಯಕೀಯದಲ್ಲಿ ರಿಪೇರಿ ಬಿಟ್ಟು ಬೇರೇನು ಕೆಲಸ ಅಂತ ಕೇಳಿದ್ದೀರಿ. ನಾನು ಆಸ್ಪತ್ರೆಯೊಂದರಲ್ಲಿ ಬಯೋಮೆಡಿಕಲ್ ಇಂಜಿನಿಯರ್. ರಿಪೇರಿಯನ್ನೂ ಮಾಡುತ್ತೇನೆ, ಸುಳ್ಳು ಯಾಕೆ ಹೇಳಲಿ! ಕೋವಿಡ್ ಟೈಮಲ್ಲಿ ತಂದ ಪಲ್ಸ್ ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿದರೆ ರಕ್ತದ ಆಕ್ಸಿಜನ್ ಮಟ್ಟವನ್ನು ಪರ್ಸೆಂಟಲ್ಲಿ ತೋರಿಸುವ ಕ್ಲಿಪ್, ನಿಮ್ಮ ಮನೆಯಲ್ಲೂ ಎಲ್ಲೋ ಬಿದ್ದಿರಬೇಕು ಅಲ್ವಾ? ಅದನ್ನು ತೆಗೆಯಿರಿ.

ಆನ್ ಮಾಡಿ ಕ್ಲಿಪ್‌ನ ಒಳಗೆ ನೋಡಿ. ಕೆಂಪು ದೀಪ ಕಾಣುತ್ತದೆ. ಪಕ್ಕದಲ್ಲೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಇದೆ. ಎದುರಿಗೆ ಸೆನ್ಸರ್. ಆಕ್ಸಿಜನ್ ಕಡಿಮೆ ಇರುವ ರಕ್ತ ಕೆಂಪು ಬೆಳಕನ್ನು ಜಾಸ್ತಿ ನುಂಗುತ್ತದೆ, ಆಕ್ಸಿಜನ್ ತುಂಬಿದ ರಕ್ತ ಇನ್‌ಫ್ರಾರೆಡ್ಡನ್ನು ಜಾಸ್ತಿ ನುಂಗುತ್ತದೆ. ಎರಡನ್ನೂ ಹೋಲಿಸಿದರೆ ಮುಗೀತು ಅನಿಸುತ್ತದೆ. ಆದರೆ ಬೆರಳಲ್ಲಿ ಚರ್ಮ, ಮಾಂಸ, ಮೂಳೆ ಎಲ್ಲ ಇವೆ. ಅವೂ ಬೆಳಕು ನುಂಗುತ್ತವೆ.

ಇದಕ್ಕೆ ದಾರಿ ಕಂಡುಕೊಂಡವರು ಜಪಾನಿನ ನಿಹಾನ್ ಕೋಡೆನ್ ಕಂಪನಿಯ ಇಂಜಿನಿಯರ್ ತಕುವೊ ಅವೊಯಗಿ. ಅವರು ಹುಡುಕುತ್ತಿದ್ದದ್ದೇ ಬೇರೆ. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ತಳ್ಳುತ್ತದೆ ಅಂತ ಅಳೆಯುತ್ತಿದ್ದರು. ಪ್ರತಿ ಬಡಿತಕ್ಕೂ ಗ್ರಾಫಿನ ಗೆರೆ ಕುಣಿದು ಅಳತೆ ಕೆಡುತ್ತಿತ್ತು. ಆ ಕುಣಿತ ಅಳಿಸಲು ಎರಡನೇ ಬೆಳಕು ತಂದರು. ಆಕ್ಸಿಜನ್ ಬದಲಾದ ಕೂಡಲೇ ಅಳಿಸುವ ಲೆಕ್ಕವೂ ತಪ್ಪಿತು. ಅಂದರೆ ಅವರಿಗೆ ತೊಂದರೆ ಕೊಡುತ್ತಿದ್ದ ಕುಣಿತದಲ್ಲೇ ಆಕ್ಸಿಜನ್ ಲೆಕ್ಕ ಕೂತಿತ್ತು! ಬಡಿತಕ್ಕೆ ತಕ್ಕಂತೆ ಅಲುಗುವುದು ಅಪಧಮನಿಯ ರಕ್ತ, ಮೂಳೆ ಅಲುಗಲ್ಲ. ನೀವು ಕ್ಲಾಸಲ್ಲಿ ಸಿಗ್ನಲ್‌ನ ಅಲುಗುವ ಭಾಗ (ಎಸಿ), ಅಲುಗದ ಭಾಗ (ಡಿಸಿ) ಬೇರೆ ಮಾಡುತ್ತೀರಲ್ಲ, ಅದೇ ಇದು. 1974ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟರು. ಅವರು ತೀರಿಕೊಂಡಿದ್ದು 2020ರ ಏಪ್ರಿಲ್‌ನಲ್ಲಿ, ಊರೆಲ್ಲ ಆಕ್ಸಿಮೀಟರ್ ಹುಡುಕುತ್ತಿದ್ದ ದಿನಗಳಲ್ಲಿ.

ಇಷ್ಟಾದರೂ ಬರೀ ಸೂತ್ರದಿಂದ ಪರ್ಸೆಂಟ್ ಬರಲ್ಲ. ಆರೋಗ್ಯವಂತರಿಗೆ ಕಡಿಮೆ ಆಕ್ಸಿಜನ್ ಉಸಿರಾಡಿಸಿ, ಅವರ ರಕ್ತ ಪರೀಕ್ಷೆಗೆ ಹೋಲಿಸಿ, ಯಾವ ಅಳತೆಗೆ ಎಷ್ಟು ಪರ್ಸೆಂಟ್ ಅಂತ ಪಟ್ಟಿ ಮಾಡುತ್ತಾರೆ. 70ಕ್ಕಿಂತ ಕೆಳಗೆ ಯಾರನ್ನೂ ಇಳಿಸುವ ಹಾಗಿಲ್ಲ, ಹಾಗಾಗಿ ಅದರ ಕೆಳಗಿನ ನಂಬರ್ ಅಂದಾಜು. ಕಪ್ಪು ಚರ್ಮದವರಲ್ಲಿ ಇರೋದಕ್ಕಿಂತ ಜಾಸ್ತಿ ತೋರಿಸುವುದೂ ಉಂಟು. ನಮ್ಮಂಥ ದೇಶಕ್ಕೆ ಇದು ಸಣ್ಣ ವಿಷಯ ಅಲ್ಲ.

ಒಂದು ರಾತ್ರಿ ವಾರ್ಡಿನಿಂದ ಫೋನ್ ಬಂತು. "ಸರ್, ಮೆಷಿನ್ ಕೆಟ್ಟಿದೆ, 82 ತೋರಿಸ್ತಿದೆ, ಅಜ್ಜಿ ಆರಾಮಾಗಿ ಮಾತಾಡ್ತಿದ್ದಾರೆ." ಹೋಗಿ ನೋಡಿದರೆ ಮಾನಿಟರ್‌ನಲ್ಲಿ ಅಲೆಯೇ ಇಲ್ಲ, ಗೆರೆ ಮಲಗಿದೆ. ಅಜ್ಜಿಯ ಬೆರಳು ಮುಟ್ಟಿ ನೋಡಿದೆ. ಐಸ್! ತಣ್ಣಗಾದ ಬೆರಳಿಗೆ ರಕ್ತ ಸರಿಯಾಗಿ ಹರಿಯಲ್ಲ, ಅಲುಗುವುದೇ ಇಲ್ಲದ ಮೇಲೆ ಲೆಕ್ಕ ಎಲ್ಲಿಂದ ಬರಬೇಕು? ಸಿಸ್ಟರ್ ಕಂಬಳಿ ಹೊದಿಸಿ ಕೈ ಉಜ್ಜಿದರು. ಸ್ವಲ್ಪ ಹೊತ್ತಿಗೆ ಅಲೆ ಎದ್ದಿತು, ನಂಬರ್ 96ಕ್ಕೆ ಬಂತು. ನಾನು ತಂದಿದ್ದ ಸ್ಕ್ರೂಡ್ರೈವರ್ ಜೇಬಲ್ಲೇ ಇತ್ತು.